ಮಿಂಚುಳ್ಳವ್ವನಿಗೆ ಅಳುವವರು ಬೇಕಾಗಿದ್ದರು

ನನಗೆ ಸಿಟ್ಟು ಬೇಗ. ಮಂಡಿಪೇಟೆಯಲ್ಲಿ ಯಾರನ್ನು ಬೇಕಾದರೂ ಕೇಳಿ, ನಾಗಭೂಷಣ್ ಅಂದರೆ ಮೊದಲು ಸಿಟ್ಟು, ಆಮೇಲೆ ತೊಗರಿಬೇಳೆ ಅನ್ನುತ್ತಾರೆ. ನಮ್ಮ ತಂದೆ ವಾಮದೇವಪ್ಪನವರು ತೆರೆದ ಬೇಳೆಕಾಳಿನ ಸಗಟು ಅಂಗಡಿಯಲ್ಲಿ ಮೂವತ್ತನಾಲ್ಕು ವರ್ಷದಿಂದ ಕೂತಿದ್ದೇನೆ. ಈ ಸಿಟ್ಟಿಗೆ ಹೆದರದವರು ಇಬ್ಬರೇ. ಒಬ್ಬಳು ನನ್ನ ಮಗಳು ಅಂಕಿತಾ. ಇನ್ನೊಬ್ಬಳು ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಮೊರ ಹಿಡಿದು ಕಾಳು ಹಸನು ಮಾಡುವ ಅಂಜಿನವ್ವ. ನಾನು ಕೂಗಾಡಿದರೆ ಆಕೆ ಮೊರದಿಂದ ತಲೆ ಎತ್ತದೆ, "ಕೂಗ್ರಿ ಸಾವ್ಕಾರ್ರೆ, ನೀವು ಕೂಗಿದ್ರೆ ಕಾಳಿನಾಗಿನ ಕಲ್ಲು ತಾವೇ ಎದ್ದು ಹೋಗ್ತಾವೆ" ಅನ್ನುತ್ತಾಳೆ. ನಾನು ಬರೆಯಲು ಹೊರಟಿರುವುದು ಈಕೆಯ ವಿಷಯ.

ಅಂಜಿನವ್ವನಿಗೆ ಅರವತ್ತೆರಡು. ಊರು ಹರಿಹರದಿಂದಾಚೆ ಹೊಳೆದಂಡೆಯ ಒಂದು ಹಳ್ಳಿ. ಎಂಟು ವರ್ಷದ ಹಿಂದೆ ಊರು ಬಿಟ್ಟು, ಗೂಡ್ಸ್ ಆಟೊ ಓಡಿಸುವ ಮಗ ಮಾರುತಿಯ ಜೊತೆ ದಾವಣಗೆರೆಗೆ ಬಂದಳು. ಬೆಳಗಿನಿಂದ ಸಂಜೆಯವರೆಗೆ ಬಾಯಿಗೆ ಬಿಡುವಿಲ್ಲ. ಆದರೆ ಸಾವಿನ ಮನೆಗೆ ಹೋದರೆ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿ ಕೂತುಬಿಡುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಆಕೆಯ ಒಡಹುಟ್ಟಿದ ತಮ್ಮ ನಿಂಗರಾಜು ತೀರಿಕೊಂಡ. ನಾನೂ ಮಣ್ಣಿಗೆ ಹೋಗಿದ್ದೆ. ಹೆಂಗಸರೆಲ್ಲ ಗೋಳಾಡುತ್ತಿದ್ದರೆ ಅಕ್ಕನಾದವಳು ತುಟಿ ಕಚ್ಚಿಕೊಂಡು ಸುಮ್ಮನೆ ಕೂತಿದ್ದಳು. ಎಂಥ ಕಲ್ಲೆದೆಯ ಹೆಂಗಸಪ್ಪಾ ಅಂತ ನನಗೆ ಸಿಟ್ಟೇ ಬಂತು. ಆಮೇಲೆ ಮಾರುತಿ ಕಾರಣ ಹೇಳಿದ. ಕೇಳಿ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ನಮ್ಮ ಕಡೆ ಹಳ್ಳಿಗಳಲ್ಲಿ ಸತ್ತವರಿಗೆ ಸುಮ್ಮನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಸತ್ತವರು ಏನು ಇಷ್ಟಪಟ್ಟು ಉಂಡರು, ಯಾರ ಜೊತೆ ಜಗಳವಾಡಿದರು, ಯಾರ ಕಷ್ಟಕ್ಕೆ ಆದರು, ಎಲ್ಲ ಆ ಅಳುವಿನಲ್ಲಿ ಬರುತ್ತದೆ. ಬಾಗಿಲಲ್ಲಿ ಯಾರಾದರೂ ಹೊಸಬರು ಕಾಣಿಸಿದರೆ ಅವರ ಹೆಸರು ಹಿಡಿದು ಅವರನ್ನೂ ಅದರೊಳಗೆ ಎಳೆದುಕೊಳ್ಳುತ್ತಾರೆ. ಹೀಗೆ ಅಳುವುದರಲ್ಲಿ ಅಂಜಿನವ್ವನನ್ನು ಮೀರಿಸುವವರು ಇರಲಿಲ್ಲ. ಸುತ್ತಲಿನ ಐದಾರು ಊರಿನಲ್ಲಿ ಸಾವಾದರೆ ಮೊದಲು ಆಕೆಗೆ ಹೇಳಿಕಳಿಸುತ್ತಿದ್ದರು.

ಒಂಬತ್ತು ವರ್ಷದ ಹಿಂದೆ ಅವರ ಊರಿನ ಗೋಣೆಪ್ಪ ಎಂಬ ರೈತ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ್ದ. ಐದನೆಯ ದಿನ ಅವನ ಮಗ ಊರಿಗೆ ಫೋನು ಮಾಡಿ, ಮನೆಗೆ ಕರೆದುಕೊಂಡು ಹೋಗಿ ಅಂದರು ಡಾಕ್ಟರು, ಹೊರಟಿದ್ದೇವೆ ಅಂದ. ಹಳ್ಳಿಯಲ್ಲಿ ಈ ಮಾತು ಬಂದ ಮೇಲೆ ಯಾರೂ ಇನ್ನೊಂದು ಪ್ರಶ್ನೆ ಕೇಳುವುದಿಲ್ಲ, ಡಾಕ್ಟರು ಕೈಬಿಟ್ಟರು ಅಂತಲೇ ತಿಳಿಯುತ್ತಾರೆ. ಅಂಗಳ ಗುಡಿಸಿದರು, ನೆಂಟರಿಗೆಲ್ಲ ಫೋನು ಹೋಯಿತು, ಅಂಜಿನವ್ವ ಬಂದು ಜಗಲಿಯ ಮೇಲೆ ಕೂತು ಶುರು ಮಾಡಿದಳು. ಒಂದೂವರೆ ಗಂಟೆ ಅತ್ತಳು. ಊರಿಗೆ ಊರೇ ಕಣ್ಣೀರು ಹಾಕಿತು. ಅಷ್ಟರಲ್ಲಿ ಟೆಂಪೊ ಬಂದು ನಿಂತಿತು. ಗೋಣೆಪ್ಪ ತಾನೇ ಬಾಗಿಲು ತೆಗೆದು ಇಳಿದು, "ಯಾರ್ ಹೋದ್ರೋ?" ಅಂದ. ಕಾಯಿಲೆ ವಾಸಿಯಾಗಿತ್ತು, ಡಾಕ್ಟರು ಅದಕ್ಕೇ ಮನೆಗೆ ಕಳಿಸಿದ್ದರು.

ಆ ದಿನ ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಗೋಣೆಪ್ಪನೂ ನಕ್ಕ. ಅದಾದ ಹನ್ನೆರಡನೆಯ ದಿನ ಬೆಳಿಗ್ಗೆ ದನಕ್ಕೆ ಮೇವು ಹಾಕುತ್ತಿದ್ದವನು ಎದೆ ಹಿಡಿದುಕೊಂಡು ಬಿದ್ದ, ಮತ್ತೆ ಏಳಲಿಲ್ಲ. ಅಳುವುದಕ್ಕೆ ಬಂದ ಅಂಜಿನವ್ವನನ್ನು ಅವನ ಸೊಸೆ ಬಾಗಿಲಲ್ಲೇ ತಡೆದು, "ಮುಂಚೇನೇ ಅತ್ತು ಕಳಿಸಿದ್ಯಲ್ಲ, ಇನ್ನೇನ್ ಉಳದೈತೆ ಅಳಾಕೆ?" ಅಂದಳು. ಅಂದಿನಿಂದ ಯಾರೂ ಕರೆಯಲಿಲ್ಲ. ಕರೆಯದಿದ್ದರೆ ಹೋಗಲಿ, ಆಕೆಯ ತಲೆಯಲ್ಲೇ ಕೂತುಬಿಟ್ಟಿತು, ತನ್ನ ನಾಲಿಗೆ ಬದುಕಿದ್ದ ಮನುಷ್ಯನನ್ನು ತಿಂದಿತು ಅಂತ. ತಮ್ಮನ ಹೆಣದ ಮುಂದೆ ಬಾಯಿ ಬಿಡದಿದ್ದುದು ಅದಕ್ಕೇ. ಅಲ್ಲಿ ಅವನ ಹೆಂಡತಿ ಮಕ್ಕಳು ಕೂತಿದ್ದರು. ಅಳುವಾಗ ಬದುಕಿದ್ದವರ ಹೆಸರು ಬಾಯಿಗೆ ಬಂದೇ ಬರುತ್ತದೆ, ಬಂದರೆ ಅವರ ಗತಿ ಏನು ಎಂಬ ಭಯ. ಅಳಲೇಬೇಕಾದ ಸಾವಿಗೂ ಅಳಲಾಗದೆ ಆ ಹೆಂಗಸು ನಾಲ್ಕು ವರ್ಷದಿಂದ ಅದನ್ನು ಎದೆಯಲ್ಲಿ ಇಟ್ಟುಕೊಂಡೇ ನನ್ನ ಅಂಗಡಿಯಲ್ಲಿ ಕಾಳು ಕೇರುತ್ತಿದ್ದಳು.

ಈಗ ನನ್ನ ಮಗಳ ಕಡೆ ಬರುತ್ತೇನೆ. ಅಂಕಿತಾ ಓದಿದ್ದು ಇಂಜಿನಿಯರಿಂಗ್, ಮಾಡುವುದು ವಿಡಿಯೊ ಗೇಮ್. ಎಸ್.ಎಸ್. ಬಡಾವಣೆಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು, ಕಾಲೇಜಿನಲ್ಲಿ ಜೊತೆಗೆ ಓದಿದ ಬಸವಕಿರಣ್ ಎಂಬವನ ಜೊತೆ ಸೇರಿ ಇದನ್ನು ಶುರು ಮಾಡಿದಾಗ ನಾನು ಮನೆ ಹಾರಿಹೋಗುವ ಹಾಗೆ ಕೂಗಾಡಿದೆ. ಇಪ್ಪತ್ತಾರು ವರ್ಷದ ಮಗಳು ದಿನವಿಡೀ ಆಟ ಆಡುತ್ತಾಳೆ ಅಂತ ನೆಂಟರ ಮುಂದೆ ಹೇಳುವುದು ಹೇಗೆ? "ಆಡೋದಲ್ಲ ಅಪ್ಪಾಜಿ, ಕಥೆ ಹೇಳೋದು" ಅಂದಳು. ಕಥೆ ಹೇಳುವುದಕ್ಕೆ ಕರೆಂಟು ಯಾಕೆ ಬೇಕು ಅಂದೆ. ಒಂದು ತಿಂಗಳು ಮಾತು ಬಿಟ್ಟಳು.

ಅವರ ಗೇಮಿನ ಹೆಸರು 'ಕೊನೇ ತೆಪ್ಪ'. ಅದರಲ್ಲಿ ಗುಂಡು ಹಾರಿಸುವುದಿಲ್ಲ, ಕಾರು ಓಡಿಸುವುದಿಲ್ಲ. ಆಡುವವರು ಹೊಳೆದಂಡೆಯ ಊರಿಗೆ ಹೊಸದಾಗಿ ಬಂದ ನರ್ಸು. ದಿನಾ ಆಚೆ ದಡಕ್ಕೆ ಹೋಗಿ ಬರಬೇಕು. ದಾಟಿಸುವವಳು ತೆಪ್ಪ ನಡೆಸುವ ಒಬ್ಬ ಮುದುಕಿ. ದಾಟುವಾಗ ಆಕೆಯ ಜೊತೆ ಮಾತಾಡಬಹುದು, ಸುಮ್ಮನೆ ಕೂರಲೂಬಹುದು. ಮಂಡಿನೋವಿಗೆ ಎಣ್ಣೆ ತಂದುಕೊಡು ಅನ್ನುತ್ತಾಳೆ. ತರಬಹುದು, ಬಿಡಬಹುದು. ಹೊಳೆಗೆ ಸೇತುವೆ ಕಟ್ಟಿ ಮುಗಿಯುವ ಹೊತ್ತಿಗೆ ಮುದುಕಿ ಸಾಯುತ್ತಾಳೆ. ಇಷ್ಟೇ. ಹನ್ನೊಂದು ಜನರ ಕೈಲಿ ಆಡಿಸಿ ನೋಡಿದರಂತೆ, ಒಬ್ಬರೂ ಮಿಸುಕಲಿಲ್ಲ. "ಚೆನ್ನಾಗೈತೆ, ನೀರು ಸೂಪರ್ ಆಗಿ ಬಂದೈತೆ" ಅಂದು ಎದ್ದುಹೋದರಂತೆ. ಅಂಕಿತಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆ ಭಾನುವಾರ ಅಂಜಿನವ್ವ ನಮ್ಮ ಮನೆಗೆ ಶಾವಿಗೆ ಮಾಡಲು ಬಂದಿದ್ದಳು. ಮಹಡಿಗೆ ಮಂಡಕ್ಕಿ ಕೊಡಲು ಹೋದವಳು ಇಳಿದು ಬರಲೇ ಇಲ್ಲ. ನಾನು ಹೋಗಿ ನೋಡಿದರೆ ಕಂಪ್ಯೂಟರಿನ ಮುಂದೆ ನೆಲದ ಮೇಲೆ ಕೂತಿದ್ದಾಳೆ. ಮುದುಕಿ ಹುಟ್ಟು ಹಾಕುವುದನ್ನು ನೋಡಿ, "ಹಂಗಲ್ಲವ್ವ, ಒಂದೇ ಕಡೆ ಹಾಕಿದ್ರೆ ತೆಪ್ಪ ತಿರುಗ್ತೈತೆ" ಅಂತ ತಿದ್ದಿದಳು. ಕೊನೆಗೆ ಒಂದು ಬೆಳಿಗ್ಗೆ ತೆಪ್ಪ ಖಾಲಿ ನಿಂತಿತ್ತು. ಪಿಟೀಲು ಕೇಳಿಸಿತು. ಪರದೆ ಕಪ್ಪಾಯಿತು.

"ಎಲ್ಲಿ ಆ ಯವ್ವ?"

"ತೀರಿಕೊಂಡ್ರು ಅಜ್ಜಿ" ಅಂದಳು ಅಂಕಿತಾ.

"ಯಾರೂ ಅಳಲಿಲ್ಲಲ್ಲ?"

"ಮ್ಯೂಸಿಕ್ ಹಾಕಿದೀವಲ್ಲ."

ಅಂಜಿನವ್ವನಿಗೆ ಬಂದ ಸಿಟ್ಟು ನನ್ನ ಸಿಟ್ಟಿಗಿಂತ ದೊಡ್ಡದು. "ಊರಿಗೆ ಊರನ್ನೇ ಹೊಳಿ ದಾಟಿಸಿದಾಕಿ ಸತ್ರೆ ಒಬ್ಬ ಹೆಣ್ಮಗಳು ಬಂದು ಬಾಯಿ ಬಿಡಂಗಿಲ್ಲ? ಪಿಟೀಲು ಕುಯ್ದು ಕಳಿಸ್ತೀರಾ? ಥೂ! ಎಂಥಾ ಊರು ಕಟ್ಟೀರಿ ನೀವು!" ಅಂದಳು. ಅಂಕಿತಾ ಪಿಳಿಪಿಳಿ ನೋಡಿ, ಮೆಲ್ಲಗೆ, "ನೀವೇ ಅಳ್ತೀರಾ ಅಜ್ಜಿ?" ಅಂದುಬಿಟ್ಟಳು. ಸುಮ್ಮನಿರು ಅಂತ ಕಣ್ಣು ಬಿಟ್ಟೆ. ಅಂಜಿನವ್ವ ಸೆರಗು ಬಾಯಿಗೆ ಒತ್ತಿಕೊಂಡು ಕೆಳಗೆ ಇಳಿದುಹೋದಳು.

ಮೂರು ದಿನ ಆಕೆಯೂ ಅದರ ಬಗ್ಗೆ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ನಾಲ್ಕನೆಯ ದಿನ ಮೊರ ಪಕ್ಕಕ್ಕಿಟ್ಟು ನನ್ನ ಮುಂದೆ ಬಂದು ನಿಂತಳು. "ಸಾವ್ಕಾರ್ರೆ, ಆ ತೆಪ್ಪದ ಯವ್ವ ಖರೇನೇ ಇಲ್ಲ ಅಲ್ಲಾ? ಯಾವ ಊರಾಗೂ ಇಲ್ಲ?"

"ಇಲ್ಲವ್ವ. ಹುಡುಗರು ಕಂಪ್ಯೂಟರಿನಾಗ ಬರೆದಿರೋದು."

"ಹಂಗಾದ್ರೆ ನನ್ನ ಬಾಯಿಗೆ ಯಾರೂ ಸಾಯಂಗಿಲ್ಲ" ಅಂದಳು. ಹಾಗೆ ಅನ್ನುವಾಗ ಆಕೆಯ ಮುಖದಲ್ಲಿ ಆಸೆ ಇತ್ತು. ಒಂಬತ್ತು ವರ್ಷ ಬೀಗ ಹಾಕಿಕೊಂಡಿದ್ದ ಬಾಯಿಗೆ ಯಾರಿಗೂ ಕೇಡಾಗದ ಒಂದು ಸಾವು ಸಿಕ್ಕಿತ್ತು.

ಮಹಡಿ ಕೋಣೆಗೆ ಹೋಗಿ ಕೂತವಳೇ ಮೊದಲು ಕೇಳಿದ್ದು ಹೆಸರು. ಗೇಮಿನ ಮುದುಕಿಗೆ ಬಸವಕಿರಣ್ ದುರುಗವ್ವ ಅಂತ ಇಟ್ಟಿದ್ದ. "ಅಯ್ಯೋ ನಿನ್ನ! ನಮ್ಮೂರಾಗೇ ಆರು ಜನ ದುರುಗವ್ವ ಅದಾರೆ. ಆರೂ ಮಂದೀನ ಕೊಲ್ಲಬೇಕಂತ ಮಾಡೀಯೇನು? ಯಾರಿಗೂ ಇಲ್ಲದ್ದು ಇಡು" ಅಂದಳು. ಅರ್ಧ ದಿನ ಹುಡುಕಾಡಿ ಕೊನೆಗೆ ಹೊಳೆಯ ಹಕ್ಕಿ ಮಿಂಚುಳ್ಳಿಯ ಹೆಸರು ಹಿಡಿದು ಮಿಂಚುಳ್ಳವ್ವ ಅಂತ ಇಟ್ಟರು. ಮಾರುತಿಯನ್ನು ಕೇಳಿದಳು, ನನ್ನನ್ನು ಕೇಳಿದಳು, ಅಂಗಡಿಗೆ ಬಂದ ಗಿರಾಕಿಗಳನ್ನೂ ಕೇಳಿದಳು. ಆ ಹೆಸರಿನವರು ಯಾವ ಊರಿನಲ್ಲೂ ಇಲ್ಲ ಅಂತ ಖಾತ್ರಿಯಾದ ಮೇಲೆ ಮುಂದಿನ ಮಾತು.

ಆಮೇಲೆ ಶುರುವಾಯಿತು ನೋಡಿ ವಿಚಾರಣೆ. ಮಿಂಚುಳ್ಳವ್ವ ರೊಟ್ಟಿಗೆ ಏನು ನಂಚಿಕೊಳ್ಳುತ್ತಿದ್ದಳು? ಯಾರ ಜೊತೆ ಮಾತು ಬಿಟ್ಟಿದ್ದಳು? ಎಮ್ಮೆ ಇತ್ತೇ, ಎಷ್ಟು? ಅಂಕಿತಾಳ ಹತ್ತಿರ ಇದ್ದುದು ಎರಡೇ ಉತ್ತರ: ವಯಸ್ಸು ಎಪ್ಪತ್ತು, ಸ್ವಭಾವ ಒಳ್ಳೆಯದು. "ಒಳ್ಳೇಕಿ ಅಂದ್ರೆ ಯಾರಿಗವ್ವ ಅಳು ಬರ್ತೈತೆ? ಮೊಸರು ಕೇಳಿದ್ರೆ ಬೈದು ಕೊಡ್ತಿದ್ಲು ಅನ್ನು, ಆಗ ಬರ್ತೈತೆ" ಅಂದಳು ಅಂಜಿನವ್ವ. ಇನ್ನೊಂದು ಮಾತೂ ಹೇಳಿದಳು. ಅಳುವಾಗ ಬಾಗಿಲಲ್ಲಿ ನಿಂತವರನ್ನು ಬಿಡಬಾರದು. ಎಣ್ಣೆ ತಂದುಕೊಟ್ಟವರಿಗೆ ತಂದಿದ್ದನ್ನು ಹೇಳಿ ಅಳಬೇಕು, ತರುತ್ತೇನೆ ಅಂದು ಮರೆತವರಿಗೆ ಮರೆತದ್ದನ್ನು ಹೇಳಿ ಅಳಬೇಕು. ಬಸವಕಿರಣ್ ಕುರ್ಚಿಯಿಂದ ಎದ್ದು ನಿಂತುಬಿಟ್ಟ. ಆಡುವವರು ಎರಡು ಗಂಟೆಯಲ್ಲಿ ಏನೇನು ಮಾಡಿದರೋ ಅದೆಲ್ಲ ಕಂಪ್ಯೂಟರಿಗೆ ನೆನಪಿರುತ್ತದಂತೆ. ಅದಕ್ಕೆ ತಕ್ಕ ಸಾಲನ್ನೇ ಆರಿಸಿ ಕೇಳಿಸಬಹುದಂತೆ. ಮಾಡಿದ್ದಕ್ಕೊಂದು ಸಾಲು, ಮಾಡದೆ ಬಿಟ್ಟದ್ದಕ್ಕೊಂದು ಸಾಲು, ಎರಡೂ ಬೇಕು ಅಂದ.

ಒಂದು ಗುರುವಾರ ಬೆಳಿಗ್ಗೆ ಮಹಡಿ ಕೋಣೆಗೆಲ್ಲ ಕಂಬಳಿ ಕಟ್ಟಿ, ಫ್ಯಾನು ನಿಲ್ಲಿಸಿ, ಮೈಕಿನ ಮುಂದೆ ಆಕೆಯನ್ನು ಕೂರಿಸಿದರು. ನಾನು ಅಂಗಡಿಗೆ ಹೋಗದೆ ಕೆಳಗೆ ಕೂತೆ. ಒಂದು ಗಂಟೆಯಾದರೂ ಸದ್ದಿಲ್ಲ. "ನಾಲಿಗಿ ಏಳವಲ್ದು ಸಾವ್ಕಾರ್ರೆ, ಆಕಿ ಮುಖ ಕಣ್ಣಿಗೆ ಕಟ್ಟವಲ್ದು" ಅಂತ ಒಮ್ಮೆ ಹೊರಗೆ ಬಂದು ನೀರು ಕುಡಿದು ಹೋದಳು. ಆಮೇಲೆ ಬಂತು.

ಅಬ್ಬಾ! ಏನೆಂದು ಹೇಳಲಿ? ನಮ್ಮ ಮನೆಯವಳು ಒಲೆ ಆರಿಸಿ ಮೆಟ್ಟಿಲ ಮೇಲೆ ಕೂತಳು. ಅಂಜಿನವ್ವ, ಹೊಳೆ ತುಂಬಿ ಬಂದಾಗ ಹುಟ್ಟು ಬಿಡದ ಕೈಗೆ ಅತ್ತಳು, ಎಣ್ಣೆ ತಂದವರನ್ನು ಹಿಡಿದು ಅತ್ತಳು, ತರದವರನ್ನು ಹಿಡಿದು ಅತ್ತಳು, ಬೈದು ಕೊಟ್ಟ ಮೊಸರಿಗೆ ಅತ್ತಳು, ಎರಡು ಎಮ್ಮೆಗೆ ಅತ್ತಳು, ಮುರಿದ ಮುಂದಿನ ಹಲ್ಲಿಗೆ ಅತ್ತಳು. "ನನ್ನೆದಿ ಒಣಗಿದಾಗ ನಿನ್ನೆದಿ ಹಾಲು ಕೊಟ್ಟೆಲ್ಲೇ ಅಕ್ಕಾ, ನಾಕು ತಿಂಗಳು ನನ್ನ ಕೂಸು ನಿನ್ನ ಮಡಿಲಾಗ ಬೆಳೀತಲ್ಲೇ, ಆ ಮಾತು ನನ್ನ ಬಾಯಾಗ ಒಂದಿನ ಬರಲಿಲ್ಲಲ್ಲೇ" ಅಂದಾಗ ನನ್ನ ಕಣ್ಣಲ್ಲೂ ನೀರು. ಎದುರು ಮನೆಯ ಅಶ್ವಥ್ ಗಾಬರಿಯಾಗಿ ಗೇಟಿಗೆ ಬಂದು, "ಸರ್, ಯಾರು ಹೋದ್ರು?" ಅಂದರು. ಯಾರೂ ಹೋಗಿಲ್ಲ, ಗೇಮು ಅಂದೆ. ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಇಪ್ಪತ್ತು ನಿಮಿಷದ ಮೇಲೆ ಅಂಜಿನವ್ವ ಇಳಿದು ಬಂದಳು. ಹಗುರಾಗಿ ಬರುತ್ತಾಳೆ ಅಂದುಕೊಂಡಿದ್ದರೆ ಮುಖ ಬೂದಿಯಾಗಿತ್ತು. "ಕೆಟ್ಟೆ ಸಾವ್ಕಾರ್ರೆ. ಮಿಂಚುಳ್ಳವ್ವನ ಮುಖ ಕಾಣಲಿಲ್ಲ, ಕಣ್ಣು ಮುಚ್ಚಿದ್ರೆ ನಮ್ಮ ಕೆಂಚಕ್ಕ ಬಂದು ನಿಂತ್ಲು. ನಾನು ಅತ್ತಿದ್ದು ಆಕಿಗೆ" ಅಂದು ಮೆಟ್ಟಿಲ ಮೇಲೆ ಕುಸಿದಳು.

ಕೆಂಚವ್ವ ಅಂದರೆ ಅಂಜಿನವ್ವನ ಗಂಡನ ಅಣ್ಣನ ಹೆಂಡತಿ, ವಾರಗಿತ್ತಿ. ಹರಿಹರದಲ್ಲಿ ಮಗಳು ಭುವನೇಶ್ವರಿಯ ಮನೆಯಲ್ಲಿ ಇದ್ದಾಳೆ. ಹಲ್ಲು ಆಕೆಯದು, ಎಮ್ಮೆ ಆಕೆಯವು. ಮಾರುತಿ ಹುಟ್ಟಿದಾಗ ಅಂಜಿನವ್ವನಿಗೆ ಹಾಲು ಬರದೆ, ನಾಲ್ಕು ತಿಂಗಳು ಹಾಲೂಡಿಸಿದವಳೂ ಆಕೆಯೇ. ಅಂಕಿತಾ ಅಳುಮುಖ ಮಾಡಿಕೊಂಡು, "ಅಳಿಸಿಹಾಕ್ತೀನಿ ಅಜ್ಜಿ, ಈಗಲೇ" ಅಂದಳು. "ಕಂಪ್ಯೂಟರಿನಾಗ ಅಳಿಸಿದ್ರೆ ಬಾಯಿಂದ ಹೋಗಿದ್ದು ವಾಪಸ್ ಬರ್ತೈತೇನವ್ವ?" ಅಂದಳು ಅಂಜಿನವ್ವ. ಕೆಂಚವ್ವನಿಗೆ ಫೋನು ಮಾಡಿದೆವು. ಹೊಡೆದುಕೊಂಡಿತು, ಎತ್ತಲಿಲ್ಲ. ಮತ್ತೆ ಮಾಡಿದೆವು, ಎತ್ತಲಿಲ್ಲ. ಭುವನೇಶ್ವರಿಯ ಫೋನು ಆಫ್.

ಕಾರು ತೆಗೆದೆ. ಇಂಥದ್ದನ್ನೆಲ್ಲ ನಂಬುವ ಮನುಷ್ಯ ನಾನಲ್ಲ. ಆದರೆ ಆ ಹದಿನಾಲ್ಕು ಕಿಲೋಮೀಟರ್ ನಾನು ಎಂದೂ ಓಡಿಸದಷ್ಟು ಜೋರಾಗಿ ಓಡಿಸಿದೆ. ಹಿಂದಿನ ಸೀಟಿನಲ್ಲಿ ಅಂಜಿನವ್ವ ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದಳು, ಅಂಕಿತಾ ಆಕೆಯ ಕೈ ಹಿಡಿದಿದ್ದಳು. ಹರಿಹರದಲ್ಲಿ ಸ್ಟೇಷನ್ ಹಿಂದಿನ ಆ ಮನೆಗೆ ಬೀಗ. ಕಿಟಕಿಯಿಂದ ಒಳಗೆ ಫೋನು ಹೊಡೆದುಕೊಳ್ಳುವುದು ಕೇಳುತ್ತಿತ್ತು. ಪಕ್ಕದ ಮನೆಯ ಹೆಂಗಸು ಬಂದು, "ಬೆಳಿಗ್ಗೇನೇ ಮಗಳು ಆಟೊದಾಗ ಆಸ್ಪತ್ರಿಗೆ ಕರ್ಕೊಂಡು ಹೋದ್ಲಲ್ಲ" ಅಂದಳು.

ಅಂಜಿನವ್ವ ಆ ಬಾಗಿಲ ಮುಂದೆಯೇ ಕೂತುಬಿಟ್ಟಳು. ಅಳಲಿಲ್ಲ, ಅತ್ತರೆ ಇನ್ನೂ ಕೇಡು ಅಂತ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು ಕೂತಳು. ಶಿವನೇ, ಈ ಹೆಂಗಸನ್ನು ಇದೊಂದು ಸಲ ಪಾರು ಮಾಡಪ್ಪಾ ಅಂತ ನಾನು ಬೇಡಿಕೊಂಡೆ. ಯಾವ ಆಸ್ಪತ್ರೆ ಅಂತ ಪಕ್ಕದ ಮನೆಯವಳನ್ನು ಕೇಳುತ್ತಿದ್ದೆ, ಅಷ್ಟರಲ್ಲಿ ಆಟೊ ಬಂದು ನಿಂತಿತು. ಅದರಿಂದ ಕಣ್ಣಿಗೆ ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡ ಮುದುಕಿಯೊಬ್ಬಳು ಮಗಳ ಭುಜ ಹಿಡಿದು ಇಳಿದು, "ಏನೇ ಅಂಜೀ, ಹಿಂಗ್ಯಾಕ ಕುಂತೀಯೇ ಬಾಗಿಲಾಗ? ಯಾರ್ ಸತ್ರು?" ಅಂದಳು.

ಕಣ್ಣಿನ ಪೊರೆ ತೆಗೆಸಿಕೊಂಡು ವಾರವಾಗಿತ್ತಂತೆ. ಇವತ್ತು ತೋರಿಸಿಕೊಂಡು ಬರಲು ಹೋಗಿದ್ದರು. ನನಗೆ ಹೋದ ಜೀವ ಬಂತು. ಅಂಜಿನವ್ವ ಎದ್ದು ಹೋಗಿ ಆಕೆಯ ಕೈ, ಭುಜ, ಕೆನ್ನೆ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು.

ಒಳಗೆ ಕೂತ ಮೇಲೆ ಎಲ್ಲವನ್ನೂ ಹೇಳಿದಳು. ಏನನ್ನೂ ಮುಚ್ಚಿಡಲಿಲ್ಲ. ಕೆಂಚವ್ವ ಬೈಯುತ್ತಾಳೆ ಅಂತ ನಾನು ಕಾಯುತ್ತಿದ್ದೆ. ಆಕೆ, "ಎಲ್ಲೈತೆ ಅದು? ಕೇಳಸು" ಅಂದಳು.

"ಬ್ಯಾಡ ಅಕ್ಕಾ! ತನ್ನ ಸಾವಿನ ಅಳು ತಾನೇ ಕೇಳ್ತಾರೇನು ಯಾರಾದ್ರೂ?"

"ಮತ್ತೆ ಸತ್ತ ಮೇಲೆ ನನಗೆ ಕೇಳ್ತೈತೇನು? ಹಾಕವ್ವ ತಂಗಿ, ಹಾಕು" ಅಂತ ಅಂಕಿತಾಳ ಕಡೆ ತಿರುಗಿದಳು. ಅಂಕಿತಾ ಬಸವಕಿರಣ್‌ನಿಂದ ಅದನ್ನು ಫೋನಿಗೆ ತರಿಸಿಕೊಂಡು ಹಚ್ಚಿದಳು. ಕೆಂಚವ್ವ ಗೋಡೆಗೆ ಒರಗಿ, ಕಾಲು ನೀಡಿ, ಕೇಳುತ್ತಾ ಕೂತಳು. "ಎಮ್ಮಿ ಎರಡಲ್ಲ, ಮೂರು. ಒಂದು ನಿನ್ನ ಲಗ್ನಕ್ಕಿಂತ ಮುಂಚೇನೇ ಸತ್ತಿತ್ತು" ಅಂತ ನಡುವೆ ತಿದ್ದಿದಳು. ಹಲ್ಲಿನ ಮಾತಿಗೆ ನಕ್ಕಳು. ಹಾಲಿನ ಮಾತು ಬಂತು. ಕೆಂಚವ್ವನ ನಗು ನಿಂತಿತು.

"ಮಾರುತಿಗೆ ಮೂವತ್ತೆಂಟು ವರ್ಷ. ಒಂದಿನ ಅಂದಿಲ್ಲ ನೀನು ಇದ್ನ" ಅಂದಳು ನಿಧಾನವಾಗಿ. "ಹಾಲು ಬಿಡಿಸಿದ ಮ್ಯಾಲೆ ಕೂಸನ್ನ ನನ್ನ ಹತ್ರ ಬಿಡ್ತಾನೇ ಇರ್ಲಿಲ್ಲ. ನಾನೇನೋ ತಪ್ಪು ಮಾಡಿದೆ ಅಂದ್ಕೊಂಡಿದ್ದೆ ಕಣೇ."

"ಹೊಟ್ಟಿಕಿಚ್ಚು ಅಕ್ಕಾ. ನನ್ನ ಕೂಸು ನಿನ್ನ ನೋಡಿದ್ರೆ ನಗ್ತಿತ್ತು."

ಕೆಂಚವ್ವನ ಕಪ್ಪು ಕನ್ನಡಕದ ಕೆಳಗೆ ನೀರು ಇಳಿಯಿತು. ಭುವನೇಶ್ವರಿ ಹೌಹಾರಿ, "ಯವ್ವಾ, ಕಣ್ಣಾಗ ನೀರು ಬರಬಾರ್ದು ಅಂದಾರ ಡಾಕ್ಟ್ರು! ಬಂದ್ ಮಾಡ್ರಿ ಅದ್ನ!" ಅಂತ ಹತ್ತಿ ಹಿಡಿದು ಓಡಿಬಂದಳು. ಕೆಂಚವ್ವ ಆಕೆಯ ಕೈ ದೂಡಿ, "ಇನ್ನೊಂದ್ ಸಲ ಹಾಕವ್ವ, ಮೊದಲಿಂದ" ಅಂದಳು.

ಹೊರಡುವಾಗ ಅಂಜಿನವ್ವ ಒಂದು ಷರತ್ತು ಹಾಕಿದಳು. ಹನ್ನೆರಡು ದಿನ ಕಳೆಯುವವರೆಗೆ ಆ ಗೇಮನ್ನು ಹೊರಗೆ ಬಿಡಕೂಡದು. ಗೋಣೆಪ್ಪ ಹೋದದ್ದು ಹನ್ನೆರಡನೆಯ ದಿನ. "ನನಗೆ ಎಪ್ಪತ್ತೊಂದು. ನಾಳೆ ಸತ್ರೂ ವಯಸ್ಸಾಗಿ ಸಾಯ್ತೀನಿ, ನಿನ್ನ ನಾಲಿಗಿಗಲ್ಲ" ಅಂತ ಕೆಂಚವ್ವ ಗದರಿದಳು. ಅಂಜಿನವ್ವ ಕೇಳಲಿಲ್ಲ. ದಿನಾ ಬೆಳಿಗ್ಗೆ ಹತ್ತಕ್ಕೆ ಅಂಗಡಿಯಿಂದ ಹರಿಹರಕ್ಕೆ ಫೋನು. ಆಚೆಯಿಂದ "ಅದೀನಿ, ಇಡೇ" ಅಂತ ಕೇಳುವವರೆಗೆ ಮೊರ ಮುಟ್ಟುತ್ತಿರಲಿಲ್ಲ.

ಅಷ್ಟರಲ್ಲಿ ಬಸವಕಿರಣ್ ಆ ಅಳುವನ್ನು ಸಾಲುಸಾಲಾಗಿ ಗೇಮಿನೊಳಗೆ ಕೂರಿಸಿದ್ದ. ಪರೀಕ್ಷೆಗೆ ಆಡಲು ಯಾರೂ ಸಿಗದೆ ಅಂಕಿತಾ ನನ್ನನ್ನು ಕೂರಿಸಿದಳು. ನನಗೇನು, ಬೇಗ ಮುಗಿಸಿ ಏಳಬೇಕು ಅಂತ ಮಿಂಚುಳ್ಳವ್ವನ ಮಾತಿಗೆಲ್ಲ ಗುಂಡಿ ಒತ್ತಿ ಒತ್ತಿ ದಾಟಿದೆ. ಎಣ್ಣೆಗೆ ಊರೊಳಗೆ ಸುತ್ತಿ ಬರಬೇಕಿತ್ತು, ಯಾರು ಹೋಗುತ್ತಾರೆ ಅಂತ ಬಿಟ್ಟೆ. ಕೊನೆಗೆ ಸತ್ತ ಮಿಂಚುಳ್ಳವ್ವನ ಮನೆಯ ಬಾಗಿಲಿಗೆ ಹೋಗಿ ನಿಂತೆ. ಒಳಗಿನಿಂದ ಅಂಜಿನವ್ವನ ದನಿ ಬಂತು: "ಎಣ್ಣಿ ತರ್ತೀನಿ ಅಂದಾಕಿ ಬಂದಾಳೆ ನೋಡೇ ಅಕ್ಕಾ, ಬರಿಗೈಲಿ ಬಂದಾಳೆ. ದಿನಾ ನೀನು ದಾಟಿಸಿದೆ, ನಿನ್ನ ಹೆಸರು ಕೇಳಲಿಲ್ಲೇ ಆಕಿ." ಇಲ್ಲದ ಮುದುಕಿ, ಕಂಪ್ಯೂಟರಿನ ಗೊಂಬೆ, ಆದರೂ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮಗಳು ಕೆಳಗೆ ಊಟಕ್ಕೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಮತ್ತೆ ಮೊದಲಿನಿಂದ ಆಡಿದೆ. ಊರೆಲ್ಲ ಸುತ್ತಿ ಎಣ್ಣೆ ತಂದೆ. ಆದರೂ ಸತ್ತಳು. ಈ ಸಲ ಅಂಜಿನವ್ವನ ದನಿ ಎಣ್ಣೆ ತಂದ ಕೈ ಬಂತು ನೋಡು ಅಂದಿತು. ಮೂವತ್ತು ವರ್ಷದ ಹಿಂದೆ ನಮ್ಮ ತಂದೆ ಹೋದಾಗ ಕೂಡ ನಾನು ಅಷ್ಟು ಬಿಕ್ಕಿ ಅತ್ತಿರಲಿಲ್ಲ. ಕಥೆ ಹೇಳುವುದಕ್ಕೆ ಕರೆಂಟು ಯಾಕೆ ಬೇಕು ಅಂತ ಕೇಳಿದ್ದೆನಲ್ಲ, ಅವತ್ತೇ ಮಗಳ ಹತ್ತಿರ ಹೋಗಿ ತಪ್ಪಾಯಿತು ಅಂದೆ.

ಹನ್ನೆರಡನೆಯ ದಿನ ಅಂಜಿನವ್ವ ಕಾಳು ಮುಟ್ಟಲೇ ಇಲ್ಲ, ಎಂಟು ಸಲ ಫೋನು ಮಾಡಿದಳು. ಎಂಟು ಸಲವೂ ಕೆಂಚವ್ವ ಬೈದಳು.

ಹದಿಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಫೋನು ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ಅಂಜಿನವ್ವ ನನ್ನ ಮುಖ ನೋಡಿದಳು. ಕಾರಿನ ಕೀಲಿ ತೆಗೆದುಕೊಂಡು ಹೊರಗೆ ಕಾಲಿಟ್ಟರೆ ಎದುರಿಗೇ ಆ ಕಪ್ಪು ಕನ್ನಡಕ. ಬೆಳಿಗ್ಗೆಯ ಬಸ್ಸು ಹತ್ತಿ, ಮಂಡಿಪೇಟೆಯ ಗಾಡಿಗಳ ನಡುವೆ ದಾರಿ ಕೇಳಿಕೊಂಡು ಬಂದಿದ್ದಾಳೆ. ಫೋನನ್ನು ಮತ್ತೆ ಮನೆಯಲ್ಲೇ ಬಿಟ್ಟು.

"ಬಂದೀನಿ ನೋಡೇ, ನಡಕೊಂಡು" ಅಂದಳು ಕೆಂಚವ್ವ. "ಹದಿಮೂರು ಆತು. ನಿನ್ನ ನಾಲಿಗಿಗೆ ನಾನು ಸಾಯಲಿಲ್ಲ. ಆ ಗೋಣೆಪ್ಪ ಎದಿ ನಿಂತು ಸತ್ತ, ಅದನ್ನ ಇನ್ನಾದ್ರೂ ತಿಳ್ಕೋ. ಆ ಹುಡುಗೀಗೆ ಹೂಂ ಅನ್ನು."

"ಕೂಡ್ರಿ, ಕೂಡ್ರಿ" ಅಂತ ನಾನೇ ಮೂಟೆಯ ಮೇಲೆ ಚೀಲ ಹಾಸಿದೆ. ಚಹಾ ತರಿಸಿದೆ. ಅಂಜಿನವ್ವ ಚಹಾ ಮುಟ್ಟಲಿಲ್ಲ. ಕೆಂಚವ್ವನ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು ಕೂತಳು. ಆಮೇಲೆ ಬಾಯಿಗೆ ಅಡ್ಡ ಹಿಡಿದಿದ್ದ ಸೆರಗು ಬಿಟ್ಟಳು.

"ನಾಕು ವರ್ಷ ತಡಾ ಆತೋ ನನ್ನ ತಮ್ಮಾ ನಿಂಗಾ..."

ಹಮಾಲರು ಮೂಟೆ ಇಳಿಸಿ ನಿಂತರು. ಕಾಳು ಕೇರುವ ಹೆಂಗಸರು ಮೊರ ಕೆಳಗಿಟ್ಟು ಹತ್ತಿರ ಬಂದು ಕೂತರು. ಬೆಳಗಿನ ವ್ಯಾಪಾರದ ಹೊತ್ತು, ಬೀದಿ ತುಂಬ ಗಾಡಿ. ಹರಿಹರದ ಕಾರ್ಖಾನೆಯಲ್ಲಿ ಕಬ್ಬಿಣ ಕಡೆದ ತಮ್ಮನ ಕೈಗೆ ಅತ್ತಳು, ಆ ಕೈ ತಂದುಕೊಟ್ಟ ಹಸಿರು ಬಳೆಗೆ ಅತ್ತಳು, ಬಾಯಿ ಮುಚ್ಚಿ ಕೂತ ಅಕ್ಕನನ್ನು ನೋಡಿ ಏನಂದುಕೊಂಡು ಹೋದೆಯೋ ಅಂತ ಅತ್ತಳು. ತಮ್ಮನ ಹೆಂಡತಿಯ ಹೆಸರು ಹಿಡಿದು ಅತ್ತಳು, ಮಕ್ಕಳ ಹೆಸರು ಹಿಡಿದು ಅತ್ತಳು, ಮಾರುತಿಯದು, ಪಕ್ಕದಲ್ಲಿ ಕೂತ ಕೆಂಚವ್ವನದು, ಬದುಕಿರುವವರ ಹೆಸರೆಲ್ಲ ಒಂದೊಂದಾಗಿ ಬಂದವು. ಯಾವುದಕ್ಕೂ ಆಕೆಯ ನಾಲಿಗೆ ತಡವರಿಸಲಿಲ್ಲ. "ನಿನ್ನ ಮಣ್ಣಿಗೆ ನಾಗಭೂಷಣ ಸಾವ್ಕಾರ್ರು ಬಂದಿದ್ರೋ ತಮ್ಮಾ, ಇವತ್ತೂ ಮುಂದೇ ನಿಂತಾರೋ" ಅಂದಳು. ನಾನು ಕೈಯಲ್ಲಿದ್ದ ಕೀಲಿ ಜೇಬಿಗೆ ಹಾಕಿಕೊಂಡು ಆ ಹೆಂಗಸರ ಜೊತೆ ನೆಲದ ಮೇಲೆ ಕೂತೆ.